ಇಂಗ್ಲಿಷ್‌ನಲ್ಲಿ ಕ್ಯಾಪಿಟಲ್ ಎಲ್ಲಿ, ಸ್ಮಾಲ್ ಎಲ್ಲಿ? ಕಾಪಿ ಎಡಿಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಮಂಗಳೂರು–ಉಡುಪಿಯ ಡಿಟಿಪಿ, ಪ್ರೂಫ್ ಕೆಲಸದವರ ಪ್ರಶ್ನೆಗಳಿಗೆ ಇವತ್ತು ಕಾಪಿ ಎಡಿಟರ್ ಮೇಡಂ ಉತ್ತರ ಕೊಡ್ತಾರೆ. ಫಾರ್ವರ್ಡ್ ಹಾಕ್ಬೇಡಿ.

ಪ್ರೆಸ್, ಬಂದರು: ನಮಸ್ಕಾರ ಮೇಡಂ. ಬ್ರಹ್ಮಕಲಶದ ಇಂಗ್ಲಿಷ್ ಕಾರ್ಡು, ವರದಿ ಎರಡೂ ಉಂಟು. ‘ಪ್ರೆಸಿಡೆಂಟ್’, ‘ಚೀಫ್ ಗೆಸ್ಟ್’ ಎಲ್ಲ ಕ್ಯಾಪಿಟಲ್ ಬೇಕು ಅಂತ ಸಮಿತಿಯವರ ಹಟ.

ಎಡಿಟರ್: ನಮಸ್ಕಾರ. ಕಾರ್ಡಿನಲ್ಲಿ ಹೆಸರಿನ ಕೆಳಗೆ ಬೇರೆಯೇ ಸಾಲಿನಲ್ಲಿದ್ದರೆ ಕ್ಯಾಪಿಟಲ್ ಇರಲಿ. ವರದಿಯ ವಾಕ್ಯದೊಳಗೆ ಹಾಗಲ್ಲ. ಹುದ್ದೆ ಹೆಸರಿನ ಮುಂಚೆ ಅಂಟಿಕೊಂಡು ಬಂದರೆ ಕ್ಯಾಪಿಟಲ್, ಹೆಸರಾದ ಮೇಲೆ ಕಾಮಾ ಹಾಕಿ ಬಂದರೆ ಸ್ಮಾಲ್. ಬರೀ ‘ದ ಪ್ರೆಸಿಡೆಂಟ್’ ಅಂದರೂ ಸ್ಮಾಲ್. ‘ಚೀಫ್ ಗೆಸ್ಟ್’ ಹುದ್ದೆಯೇ ಅಲ್ಲ. ಕ್ಯಾಪಿಟಲ್ ಹೆಸರಿಗೆ, ಮರ್ಯಾದೆಗಲ್ಲ.

ಟೀಚರ್, ಕುಂದಾಪುರ: ‘ಡೆಪ್ಯುಟಿ ಕಮಿಷನರ್’ಗೆ?

ಎಡಿಟರ್: ಅದೇ ನಿಯಮ.

ಡಿಟಿಪಿ, ಸುರತ್ಕಲ್: ‘ಪೋರ್ಟ್’?

ಎಡಿಟರ್: ‘ನ್ಯೂ ಮ್ಯಾಂಗಲೋರ್ ಪೋರ್ಟ್’ ಪೂರ್ತಿ ಹೆಸರು, ಮೂರೂ ಕ್ಯಾಪಿಟಲ್. ಮುಂದಿನ ವಾಕ್ಯದ ‘ದ ಪೋರ್ಟ್’ ಸ್ಮಾಲ್. ‘ದಕ್ಷಿಣ ಕನ್ನಡ’ದ ದಕ್ಷಿಣ ಹೆಸರಿನ ಭಾಗ, ಕ್ಯಾಪಿಟಲ್. ‘ಕೋಸ್ಟಲ್ ಕರ್ನಾಟಕ’ದ ಕೋಸ್ಟಲ್ ಬರೀ ವಿವರಣೆ, ಸ್ಮಾಲ್.

ಪಿಎಚ್‌ಡಿ, ದೇರಳಕಟ್ಟೆ: ಮೇಡಂ, ಜ್ವರಗಳ ಮೇಲೆ ನನ್ನ ಥೀಸಿಸ್. ಕ್ಯಾಪಿಟಲ್ ಎಲ್ಲ ಒಟ್ರಾಶಿ ಉಂಟು ಅಂತ ಗೈಡ್ ಬೈದ್ರು. ಇಡೀ ಫೈಲ್ ಸೆಲೆಕ್ಟ್ ಮಾಡಿ ಶಿಫ್ಟ್, ಎಫ್3 ಒತ್ತಿ ‘ಸೆಂಟೆನ್ಸ್ ಕೇಸ್’ ಮಾಡಿ ಸೇವ್ ಮಾಡಿದೆ. ಈಗ ಸರಿ ಅಲ್ವಾ?

ಎಡಿಟರ್: ಸರಿ ಅಲ್ಲ. ಆ ಫೈಲನ್ನು ಇನ್ನು ಮುಟ್ಟಬೇಡಿ, ಗೈಡ್‌ಗೆ ಕಳಿಸಲೂ ಬೇಡಿ. ವಾಕ್ಯದ ಮೊದಲ ಅಕ್ಷರ ಬಿಟ್ಟು ಉಳಿದದ್ದನ್ನೆಲ್ಲ ಎಂಎಸ್ ವರ್ಡ್ ಸ್ಮಾಲ್ ಮಾಡಿಬಿಡುತ್ತದೆ. ಯಾವುದು ಹೆಸರು ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ನಿಮ್ಮ ವಿಷಯದಲ್ಲಿ ಇದು ಬರೀ ಅಂದಚಂದದ ಪ್ರಶ್ನೆಯಲ್ಲ. ಟಿಎನ್ಎಫ್ ಜೀನ್ ಮನುಷ್ಯರದ್ದಾದರೆ ಮೂರು ಅಕ್ಷರವೂ ಕ್ಯಾಪಿಟಲ್, ಇಲಿಯದ್ದಾದರೆ ಮೊದಲನೆಯದು ಮಾತ್ರ. ಈಗ ಮೂರೂ ಸ್ಮಾಲ್ ಆಗಿರುತ್ತದೆ, ಯಾರ ಜೀನ್ ಅಂತ ಓದುವವರಿಗೆ ತಿಳಿಯುವುದು ಹೇಗೆ? ಮಲೇರಿಯಾ ರೋಗಾಣು ‘ಪ್ಲಾಸ್ಮೋಡಿಯಂ ವೈವಾಕ್ಸ್’ನಲ್ಲಿ ಮೊದಲ ಪದಕ್ಕೆ ಕ್ಯಾಪಿಟಲ್, ಎರಡನೆಯದು ಯಾವತ್ತೂ ಸ್ಮಾಲ್, ಎರಡೂ ಇಟಾಲಿಕ್. ಮಲೇರಿಯಾ, ಡೆಂಗ್ಯೂ ಸ್ಮಾಲ್. ನಿಫಾ ಮಲೇಶಿಯಾದ ಒಂದು ಊರಿನಿಂದ ಬಂದ ಹೆಸರು, ಕ್ಯಾಪಿಟಲ್. ಮಂಗನಕಾಯಿಲೆ 1957ರಲ್ಲಿ ಪತ್ತೆಯಾದದ್ದು ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಹಾಗಾಗಿ ಅದರ ಇಂಗ್ಲಿಷ್ ಹೆಸರಿನ ‘ಕ್ಯಾಸನೂರ್ ಫಾರೆಸ್ಟ್’ ಎರಡೂ ಕ್ಯಾಪಿಟಲ್, ಕೊನೆಯ ‘ಡಿಸೀಸ್’ ಸ್ಮಾಲ್. ಬ್ಯಾಕ್ಟೀರಿಯಾಗೆ ಬಣ್ಣ ಹಾಕಿ ನೋಡುವ ‘ಗ್ರಾಮ್ ಸ್ಟೇನ್’ನ ಗ್ರಾಮ್ ವಿಜ್ಞಾನಿಯ ಹೆಸರು, ಜಿ ಕ್ಯಾಪಿಟಲ್. ಅದೇ ‘ಗ್ರಾಮ್-ನೆಗೆಟಿವ್’ ಆದಾಗ ಹಲವು ವೈದ್ಯಕೀಯ ಜರ್ನಲ್‌ಗಳು ಸ್ಮಾಲ್ ಮಾಡುತ್ತವೆ.

ಹಳೆಯ ಪ್ರತಿ ಇದ್ದರೆ ಅದರಿಂದಲೇ ಶುರು ಮಾಡಿ. ಎರಡನ್ನೂ ‘ರಿವ್ಯೂ’, ‘ಕಂಪೇರ್’ನಲ್ಲಿ ಹಾಕಿ ನೋಡಿ. ತಿದ್ದುವಾಗ ‘ಫೈಂಡ್ ಆಂಡ್ ರಿಪ್ಲೇಸ್’ನಲ್ಲಿ ‘ಮ್ಯಾಚ್ ಕೇಸ್’ ಟಿಕ್ ಇರಲೇಬೇಕು. ಇಲ್ಲದಿದ್ದರೆ ನೀವು ಸ್ಮಾಲ್ ‘ವೈವಾಕ್ಸ್’ ಕೊಟ್ಟರೂ, ಹುಡುಕಿದ ಪದ ಕ್ಯಾಪಿಟಲ್‌ನಲ್ಲಿದ್ದರೆ ವರ್ಡ್ ಕ್ಯಾಪಿಟಲನ್ನೇ ಉಳಿಸುತ್ತದೆ. ‘ರಿಪ್ಲೇಸ್ ಆಲ್’ ಬೇಡ, ಒಂದೊಂದೇ ನೋಡಿ ಒತ್ತಿ.

ಎಲ್‌ಐಸಿ, ಮಣಿಪಾಲ: *ಫಾರ್ವರ್ಡ್ ಆಗಿ ಬಂದದ್ದು:* ಗೋಲ್ಡನ್ ರೂಲ್! ಶೀರ್ಷಿಕೆಯಲ್ಲಿ ಐದು ಅಕ್ಷರಕ್ಕಿಂತ ಚಿಕ್ಕ ಪದಗಳೆಲ್ಲ ಸ್ಮಾಲ್!! ಎಲ್ಲರಿಗೂ ಕಳಿಸಿ 🙏

ಎಡಿಟರ್: ದಯವಿಟ್ಟು ಯಾರಿಗೂ ಕಳಿಸಬೇಡಿ. ‘ಈಸ್’ಗೆ ಎರಡೇ ಅಕ್ಷರ, ಆದರೆ ಕ್ರಿಯಾಪದ, ಟೈಟಲ್ ಕೇಸ್‌ನಲ್ಲಿ ಕ್ಯಾಪಿಟಲ್. ಅಕ್ಷರ ಎಣಿಸುವುದು ‘ವಿತ್’, ‘ಅಬೌಟ್’ನಂಥ ಪದಗಳಿಗೆ ಮಾತ್ರ. ಅದರಲ್ಲೂ ಕ್ಯಾಪಿಟಲ್ ಆಗಲು ಎಪಿಎ ಶೈಲಿಗೆ ನಾಲ್ಕು ಅಕ್ಷರ ಸಾಕು, ಶಿಕಾಗೊಗೆ ಐದು ಬೇಕು (ಎರಡೂ ಅಮೆರಿಕದ ಬರವಣಿಗೆ ಕೈಪಿಡಿಗಳು).

ಟೀಚರ್, ಕುಂದಾಪುರ: ಶಿಕಾಗೊದಲ್ಲಿ ಅವೆಲ್ಲ ಎಷ್ಟು ಉದ್ದ ಇದ್ದರೂ ಸ್ಮಾಲ್. ಪುಸ್ತಕ ನನ್ನ ಹತ್ರ ಉಂಟು.

ವರದಿಗಾರ, ಉಡುಪಿ: ಯಾವ ಆವೃತ್ತಿ ಸರ್? 2024ರ 18ನೆಯದರಲ್ಲಿ ಬದಲಾಗಿದೆ. ನೀವು ‘ಇಂಟರ್ನೆಟ್’ಗೂ ಇನ್ನೂ ಕ್ಯಾಪಿಟಲ್ ಹಾಕ್ತೀರಿ ಕಾಣ್ತದೆ, ಸುದ್ದಿಸಂಸ್ಥೆ ಎಪಿ 2016ರಲ್ಲೇ ಬಿಟ್ಟಾಯ್ತು.

ಟೀಚರ್, ಕುಂದಾಪುರ: ಅಮೆರಿಕದವರು ಬಿಟ್ಟದ್ದನ್ನೆಲ್ಲ ನಾವೂ ಬಿಡ್ಬೇಕಾ? ಪೇಪರಿನವರಿಂದ ವ್ಯಾಕರಣ ಕಲಿಯುವ ಗ್ರಹಚಾರ ನಮಗಿಲ್ಲ.

ವರದಿಗಾರ, ಉಡುಪಿ: ಮಕ್ಕಳ ಗ್ರಹಚಾರ ನೆನೆಸಿ ಬೇಜಾರಾಗ್ತದೆ.

ಗಾಯಕಿ, ಬಿಜೈ: ಮೇಡಂ, ರೋಮನ್ ಲಿಪಿಯ ಕೊಂಕಣಿ ಹಾಡಿನ ಶೀರ್ಷಿಕೆಗೆ ಯಾವ ಕ್ರಮ?

ಟೀಚರ್, ಕುಂದಾಪುರ: ಅಡ್ಮಿನ್, ಈ ವರದಿಗಾರರ ಮಾತು ನೋಡಿದ್ರಾ?

ಅಡ್ಮಿನ್: ಇಬ್ಬರೂ ಸಾಕು ಮಾಡಿ ಮಾರಾಯ್ರೆ.

ಎಂಜಿನಿಯರ್, ಪಡುಬಿದ್ರಿ: ಮೆಗಾವಾಟ್‌ನ ಎಂ ಹೇಗೆ ಬರೆದರೂ ಅರ್ಥ ಆಗ್ತದಲ್ಲ?

ಎಡಿಟರ್: ಆಗುವುದಿಲ್ಲ. ಎಂ ಸ್ಮಾಲ್ ಆದರೆ ಮಿಲಿವಾಟ್. ನಿಮ್ಮ ಎಲ್ಲೂರಿನ 1200 ಮೆಗಾವಾಟ್ ಸ್ಥಾವರ 100 ಕೋಟಿ ಪಟ್ಟು ಸಣ್ಣದಾಗಿ 1.2 ವಾಟ್‌ಗೆ ಇಳಿಯುತ್ತದೆ. ಕಿಲೋದ ಕೆ ಯಾವತ್ತೂ ಸ್ಮಾಲ್, ವಾಟ್‌ನ ಸಂಕೇತ ಡಬ್ಲ್ಯೂ ಯಾವತ್ತೂ ಕ್ಯಾಪಿಟಲ್. ಅಕ್ಕಿ ಚೀಲದ ಮೇಲೆ ಕೆಜಿ ಎರಡೂ ಕ್ಯಾಪಿಟಲ್ ಇರುವುದು ತಪ್ಪೇ.

ಪ್ರೆಸ್, ಕಾರ್ಕಳ: ‘ಚೀಫ್ ಗೆಸ್ಟ್’ ಕ್ಯಾಪಿಟಲ್ ಅಲ್ವಾ ಮೇಡಂ?

ಎಡಿಟರ್: ಮೇಲೆ ಓದಿ.

ಎಲ್‌ಐಸಿ, ಮಣಿಪಾಲ: ಥೀಸಿಸ್ ತಮ್ಮನಿಗೆ: ಆನ್‌ಲೈನ್ ಕನ್ವರ್ಟರಿಗೆ ಹಾಕಿ, ಒಂದೇ ಕ್ಲಿಕ್ಕಿಗೆ ಎಲ್ಲ ಸರಿ 👍

ಎಡಿಟರ್: ಅದೂ ಇದೇ ಅನಾಹುತ. ಮೇಲಿಂದ ಇಟಾಲಿಕ್ ಕೂಡ ಹೋಗುತ್ತದೆ. ಗೊತ್ತಿಲ್ಲದ ಮದ್ದು ಹೇಳಬೇಡಿ.

ಪಿಎಚ್‌ಡಿ, ದೇರಳಕಟ್ಟೆ: ಮೇಡಂ, ಹಳೆಯ ಪ್ರತಿ ಮೇಲ್‌ನಲ್ಲಿ ಸಿಕ್ಕಿತು. ಆದರೆ ಕಂಪೇರ್ ಮಾಡಿದ್ರೆ ಒಂದು ವ್ಯತ್ಯಾಸವೂ ತೋರಿಸ್ತಿಲ್ಲ.

ಎಡಿಟರ್: ಕಂಪೇರ್ ಕಿಟಕಿಯಲ್ಲಿ ‘ಮೋರ್’ ಒತ್ತಿ. ಕೆಳಗೆ ‘ಕೇಸ್ ಚೇಂಜಸ್’ ಅಂತ ಉಂಟು, ಅದರ ಟಿಕ್ ತೆಗೆದುಹೋಗಿರಬೇಕು. ಹಾಕಿ ಪುನಃ ಮಾಡಿ.