ಡ್ರಿಲ್ ಬಿಟ್ ಮೊನೆಯ ಫೋಟೋ: ಒಂದೋ ಬೆಳ್ಳಗೆ ಹೊಳೆಯುತ್ತದೆ, ಇಲ್ಲ ಕಪ್ಪಗೆ ಬರುತ್ತದೆ

ಕಬ್ಬಿನಗದ್ದೆ

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ನಮ್ಮ ಸೋದರಮಾವನ ಲೇತ್ ವರ್ಕ್‌ಶಾಪ್ ಇದೆ. ಆಲೆಮನೆ ಗಾಣದ ರೋಲರ್, ಪಂಪ್‌ಸೆಟ್ ಶಾಫ್ಟ್, ಟ್ರ್ಯಾಕ್ಟರ್ ಕೆಲಸ, ಇಂಥದ್ದೇ. ಐಟಿಐ ಮುಗಿಸಿದ ಹುಡುಗರು ಕೆಲಸಕ್ಕೆ ಬರುತ್ತಾರೆ, ಆದರೆ ಬಿಟ್‌ಗೆ ಸಾಣೆ ಹಿಡಿಯುವುದು ಮಾತ್ರ ಒಬ್ಬರಿಗೂ ನೆಟ್ಟಗೆ ಬರುವುದಿಲ್ಲ. ಮಾವ ದಿನಾ ಕೂಗಾಡುತ್ತಾರೆ. ಅದಕ್ಕೆ ನಾನೇ ಹೇಳಿದೆ, ಒಳ್ಳೆ ಮೊನೆ ಯಾವುದು, ಕೆಟ್ಟ ಮೊನೆ ಯಾವುದು ಅಂತ ದೊಡ್ಡದಾಗಿ ಫೋಟೋ ತೆಗೆದು ಗ್ರೈಂಡರ್ ಪಕ್ಕದ ಗೋಡೆಗೆ ಅಂಟಿಸೋಣ ಅಂತ. ಹೇಳಿದ್ದೇ ತಪ್ಪಾಯಿತು. ಎರಡು ಭಾನುವಾರ ಕಳೆದವು, ಒಂದು ಫೋಟೋನೂ ಸರಿಯಾಗಿ ಬಂದಿಲ್ಲ.

ನನ್ನ ಹತ್ತಿರ ಹಳೇ ಕ್ಯಾನನ್ ಡಿಎಸ್‌ಎಲ್‌ಆರ್ ಇದೆ, 50 ಎಂಎಂ 1.8 ಲೆನ್ಸ್ ಇದೆ, ಜೊತೆಗೆ ಕಡಿಮೆ ಬೆಲೆಗೆ ತಗೊಂಡ ಎಕ್ಸ್‌ಟೆನ್ಷನ್ ಟ್ಯೂಬ್ (ಹತ್ತಿರದಿಂದ ತೆಗೆಯಲು ಕ್ಯಾಮರಾ, ಲೆನ್ಸ್ ನಡುವೆ ಹಾಕುವ ಕೊಳವೆ). ಒಳಗೆ ಕಾಂಟ್ಯಾಕ್ಟ್ ಇಲ್ಲದ ಸಾದಾ ಟ್ಯೂಬು, ಅಪರ್ಚರ್ (ಲೆನ್ಸ್ ಎಷ್ಟು ತೆರೆದಿದೆ ಅನ್ನುವ ಅಳತೆ) ಜಾಗದಲ್ಲಿ 00 ಅಂತ ಬರುತ್ತದೆ. 10 ಎಂಎಂ ಬಿಟ್‌ನ ತುದಿ ಫೋಕಸ್ ಮಾಡಿದರೆ ಪಕ್ಕದ ಅಂಚು ಮಂಜು. ಫ್ಲ್ಯಾಶ್ ಹಾಕಿದರೆ ಸುರುಳಿ ಉದ್ದಕ್ಕೂ ಒಂದು ಬಿಳಿ ಗೆರೆ, ಉಳಿದದ್ದೆಲ್ಲ ಮಸಿ. ಮೊಬೈಲ್‌ನಲ್ಲೂ ನೋಡಿದೆ, ಅಷ್ಟು ಹತ್ತಿರ ಹೋದರೆ ಮೊಬೈಲ್ ನೆರಳೇ ಬೀಳುತ್ತದೆ. ಪೋಲರೈಸರ್ ಫಿಲ್ಟರ್ ತಗೊಂಡರೆ ಆ ಹೊಳಪು ಹೋಗುತ್ತದಾ? ದುಡ್ಡು ಹಾಕುವ ಮುಂಚೆ ಕೇಳೋಣ ಅಂತ.

ಕ್ಲಿಕ್ಕಣ್ಣ

ಗುರು, 100 ಎಂಎಂ ಮ್ಯಾಕ್ರೋ ಲೆನ್ಸ್ ತಗೋ. ಇಷ್ಟೆಲ್ಲ ಒದ್ದಾಟ ಇರುವುದಿಲ್ಲ.

ಬೀಟೆಮರ

ಮ್ಯಾಕ್ರೋ ಲೆನ್ಸ್ ಒಳ್ಳೆಯದೇ, ಆದರೆ ಈ ತೊಂದರೆ ಅದರಿಂದ ಹೋಗುವುದಿಲ್ಲ. ಅದೇ ಬಿಳಿ ಗೆರೆ ಇನ್ನೂ ಚೆನ್ನಾಗಿ ಫೋಕಸ್ ಆಗಿ ಬರುತ್ತದೆ, ಅಷ್ಟೇ.

ನಾನು ಮೈಸೂರಿನಲ್ಲಿ ಬೀಟೆ ಮರದ ಇನ್‌ಲೇ ಕೆಲಸದ ಫೋಟೋ ತೆಗೆಯುತ್ತೇನೆ. ಪಾಲಿಷ್ ಹೊಡೆದ ಮರದ ಮೇಲೆ ಪೋಲರೈಸರ್ ತಿರುಗಿಸಿದರೆ ಹೊಳಪು ಕಣ್ಣೆದುರೇ ಇಳಿಯುತ್ತದೆ. ಅದೇ ಧೈರ್ಯದಲ್ಲಿ ಒಮ್ಮೆ ಕೆತ್ತನೆ ಉಳಿಗಳ ಫೋಟೋಗೂ ಅದನ್ನೇ ಹಾಕಿದೆ, ಎಷ್ಟು ತಿರುಗಿಸಿದರೂ ಉಳಿ ಜಪ್ಪಯ್ಯ ಅನ್ನಲಿಲ್ಲ. ಪಾಲಿಷ್, ಗಾಜು, ನೀರು ಇವುಗಳಿಂದ ಓರೆಯಾಗಿ ಚಿಮ್ಮುವ ಬೆಳಕು ಪೋಲರೈಸ್ ಆಗಿ ಬರುತ್ತದೆ, ಫಿಲ್ಟರ್ ಅದನ್ನು ತಡೆಯುತ್ತದೆ. ಬರೀ ಲೋಹದಿಂದ ಬರುವ ಬೆಳಕು ಹಾಗೆ ಆಗುವುದಿಲ್ಲ. ಲೈಟ್‌ಗೂ ಒಂದು ಪೋಲರೈಸರ್ ಹಾಳೆ, ಲೆನ್ಸ್‌ಗೂ ಒಂದು ಹಾಕಿದರೆ ಹೊಳಪು ಹೋಗುತ್ತದೆ ನಿಜ, ಆದರೆ ಲೋಹದಲ್ಲಿ ಹೊಳಪು ಬಿಟ್ಟರೆ ಇನ್ನೇನಿದೆ, ಬಿಟ್ಟೂ ಕಪ್ಪಾಗಿ ಕೂರುತ್ತದೆ. ಹಾಗಾಗಿ ಫಿಲ್ಟರ್ ದುಡ್ಡು ಉಳಿಸಿ.

ಹೊಳೆಯುವ ಬಿಟ್ ಅಂದರೆ ಸುತ್ತಿದ ಕನ್ನಡಿ. ನಿಮಗೆ ಕಾಣುತ್ತಿರುವುದು ಬಿಟ್ ಅಲ್ಲ, ಅದರ ಸುತ್ತ ಏನಿದೆಯೋ ಅದು. ಸಣ್ಣ ಫ್ಲ್ಯಾಶ್ ಒಂದೇ ಇದ್ದರೆ ಅದೊಂದು ಗೆರೆ, ಮಿಕ್ಕ ಕಡೆ ಕತ್ತಲ ಕೋಣೆ. ಸ್ಟೇಷನರಿ ಅಂಗಡಿಯಲ್ಲಿ ಟ್ರೇಸಿಂಗ್ ಪೇಪರ್ ತಗೊಂಡು ಕೊಳವೆ ಥರ ಸುತ್ತಿ, ಬಿಟ್ ಅದರೊಳಗೆ ಇರಲಿ, ಬೆಳಕು ಹೊರಗಿನಿಂದ ಬೀಳಲಿ. ಕಿಟಕಿ ಬೆಳಕಾದರೂ ಸಾಕು, ಕರೆಂಟ್ ಹೋದರೂ ಚಿಂತೆ ಇಲ್ಲ. ಆದರೆ ಸುತ್ತಲೂ ಬಿಳಿ ಮಾಡಿದರೆ ಬಿಟ್ ಸೀಸದ ಕಡ್ಡಿ ಥರ ಸಪ್ಪೆ ಆಗುತ್ತದೆ. ಅದಕ್ಕೆ ಒಂದು ಬೆರಳಗಲದ ಕಪ್ಪು ಕಾಗದದ ಪಟ್ಟಿಯನ್ನು ಕೊಳವೆ ಒಳಗೆ ಅಂಟಿಸಿ ಮೆಲ್ಲಗೆ ತಿರುಗಿಸುತ್ತಾ ಲೈವ್ ವ್ಯೂನಲ್ಲಿ, ಅಂದರೆ ಕ್ಯಾಮರಾ ಸ್ಕ್ರೀನ್‌ನಲ್ಲಿ, ನೋಡಿ. ಒಂದು ಕಡೆ ಬರುವಾಗ ಸುರುಳಿಯ ಅಂಚು ಎದ್ದು ನಿಲ್ಲುತ್ತದೆ. ನನಗೆ ಆ ಪಟ್ಟಿ ಗೊತ್ತಾಗಲು ವರ್ಷ ಬೇಕಾಯಿತು.

ಆ 00 ವಿಷಯ: ಕಾಂಟ್ಯಾಕ್ಟ್ ಇಲ್ಲದ ಕಾರಣ ನಿಮ್ಮ ಲೆನ್ಸ್ ಯಾವಾಗಲೂ 1.8ರಲ್ಲೇ ತೆರೆದುಕೊಂಡಿದೆ. 50 ಎಂಎಂ ಲೆನ್ಸ್‌ಗೆ ಹೆಚ್ಚುಕಮ್ಮಿ 50 ಎಂಎಂ ಟ್ಯೂಬ್ ಹಾಕಿದರೆ 1:1, ಅಂದರೆ ಸೆನ್ಸರ್ ಮೇಲೆ ವಸ್ತುವಿನ ನಿಜ ಅಳತೆಯ ಚಿತ್ರ, ಸಿಗುತ್ತದೆ. ಆಗ 1.8ರಲ್ಲಿ ನಿಚ್ಚಳವಾಗಿ ಬರುವ ಆಳ ಕಾಲು ಮಿಲಿಮೀಟರ್ ಕೂಡ ಇಲ್ಲ. ಟ್ಯೂಬ್ ಇಲ್ಲದೆ ಲೆನ್ಸ್ ಹಾಕಿ, ಅಪರ್ಚರ್ ಕಿರಿದಾಗಿಸಿ ಎಫ್8 ಇಟ್ಟು, ಕ್ಯಾಮರಾದ ಡೆಪ್ತ್ ಪ್ರಿವ್ಯೂ ಬಟನ್ ಒತ್ತಿ ಹಿಡಿದುಕೊಂಡೇ ಲೆನ್ಸ್ ಬಿಚ್ಚಿ. ಅಪರ್ಚರ್ ಹಾಗೇ ನಿಂತುಬಿಡುತ್ತದೆ. ಆಮೇಲೆ ಟ್ಯೂಬ್ ಹಾಕಿ. ಆಳ ಇನ್ನೂ ಜಾಸ್ತಿ ಸಿಗಲಿ ಅಂತ ಎಫ್22ಕ್ಕೆ ಹೋಗಬೇಡಿ, 1:1ರಲ್ಲಿ ಅದು 44ರ ಹಾಗೆ ನಡೆದುಕೊಳ್ಳುತ್ತದೆ, ಇಡೀ ಚಿತ್ರ ಮೆತ್ತಗಾಗುತ್ತದೆ. ಎಫ್8ರಲ್ಲಿ ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಸಿಗುತ್ತದೆ. ಉಳಿದದ್ದಕ್ಕೆ ಕ್ಯಾಮರಾ ಸ್ವಲ್ಪ ಸ್ವಲ್ಪ ಮುಂದೆ ಸರಿಸಿ ಹಲವು ಫೋಟೋ ತೆಗೆದು ಕಂಪ್ಯೂಟರ್‌ನಲ್ಲಿ ಸೇರಿಸಬೇಕು. ಫೋಟೋಶಾಪ್ ಸಾಕು, ಕಂಬೈನ್ ಝಡ್‌ಪಿ ಅಂತ ಹಳೇದೊಂದು ಫ್ರೀ ಸಾಫ್ಟ್‌ವೇರ್ ಇದೆ. ಸರಿಸಲು ಫೋಕಸಿಂಗ್ ರೈಲ್ ಅಂತ ಸಿಗುತ್ತದೆ.

ಹಳೇಟರ್ನರ್

ರೈಲ್ ಯಾಕ್ರೀ ತಗೋಬೇಕು? ಎದುರಿಗೆ ಲೇತ್ ಇದೆಯಲ್ಲ!

ಬಿಟ್ಟನ್ನು ಲೇತ್‌ನ ಚಕ್‌ನಲ್ಲಿ (ಕೆಲಸದ ತುಂಡು ಹಿಡಿಯುವ ಭಾಗ) ಹಿಡಿಸಿ, ಕ್ಯಾಮರಾನ ಟೂಲ್‌ಪೋಸ್ಟ್ (ಕಡಿಯುವ ಉಳಿ ಕೂರಿಸುವ) ಜಾಗದಲ್ಲಿ ಒಂದು ಪಟ್ಟಿ ಕಟ್ಟಿ ಬೋಲ್ಟ್ ಮಾಡಿ, ಅದರ ಕೆಳಗಿನ ಕಾಂಪೌಂಡ್ ಸ್ಲೈಡ್ ಲೇತ್ ಬೆಡ್‌ಗೆ ಸಮಾನಾಂತರವಾಗಿರಲಿ. ಡಯಲ್ ನೋಡಿಕೊಂಡು ಅರ್ಧ ಅರ್ಧ ಎಂಎಂ ಸರಿಸಿ. ಅದಕ್ಕಿಂತ ಒಳ್ಳೆ ರೈಲ್ ಯಾರೂ ಕೊಡುವುದಿಲ್ಲ. ಒಂದೇ ದಿಕ್ಕಿಗೆ ತಿರುಗಿಸಿ, ಹಿಂದೆ ಮುಂದೆ ಮಾಡಿದರೆ ಸ್ಕ್ರೂ ಪ್ಲೇನಲ್ಲಿ (ಸ್ಕ್ರೂ ಸಡಿಲದಲ್ಲಿ) ಲೆಕ್ಕ ತಪ್ಪುತ್ತದೆ. ಮೈನ್ ಸ್ವಿಚ್ ಆಫ್ ಮಾಡಿ, ಇದನ್ನು ಎರಡು ಸಲ ಹೇಳುತ್ತೇನೆ, ಆಫ್ ಮಾಡಿ. 118 ಡಿಗ್ರಿ ಮೊನೆ ಆದರೆ 10 ಎಂಎಂ ಬಿಟ್‌ನಲ್ಲಿ ತುದಿಯಿಂದ ಹೊರ ಅಂಚಿನವರೆಗೆ ಎತ್ತರ ಬರೀ 3 ಎಂಎಂ. ನೆಟ್ಟಗೆ ಎದುರಿನಿಂದ ತೆಗೆದರೆ ಏಳೆಂಟು ಫೋಟೋದಲ್ಲಿ ಮುಗಿಯಿತು.

ಇನ್ನು ಬೀಟೆಮರ ಅವರ ಮಾತಿಗೆ ನನ್ನದೊಂದು ತಕರಾರು ಇದೆ. ಮೆತ್ತನೆ ಬೆಳಕು ಆಕಾರ ತೋರಿಸಲು ಸರಿ. ಸವೆತ ತೋರಿಸಲು ಅದು ಆಗುವುದೇ ಇಲ್ಲ. ಹರಿತವಾದ ಅಂಚಿಗೆ ಬೆಳಕು ಕೂರುವ ಜಾಗವೇ ಇಲ್ಲ, ಅದು ಕಾಣುವುದಿಲ್ಲ. ಮೊಂಡಾದ ಅಂಚು ಬೆಳ್ಳಗೆ ಮಿನುಗುತ್ತದೆ. ನಾವು ಬಿಟ್ಟನ್ನು ಟ್ಯೂಬ್‌ಲೈಟ್ ಕಡೆ ಹಿಡಿದು ತಿರುಗಿಸಿ ನೋಡುವುದು ಅದಕ್ಕೇ ಅಲ್ವಾ? ಟ್ರೇಸಿಂಗ್ ಪೇಪರ್ ಒಳಗೆ ಇಟ್ಟರೆ ಎರಡೂ ಒಂದೇ ಥರ ಕಂಡು ಹುಡುಗರು ಇನ್ನೂ ಗೊಂದಲಕ್ಕೆ ಬೀಳುತ್ತಾರೆ. ಮೊಂಡು ತೋರಿಸುವ ಫೋಟೋಗೆ ಒಂದೇ ಸಣ್ಣ ಟಾರ್ಚ್ ಹಿಡಿಯಿರಿ. ನೀವು ಬೈಯುತ್ತಿರುವ ಆ ಬಿಳಿ ಗೆರೆಯೇ ಅಲ್ಲಿ ಪಾಠ.

ಕೋನ ತೋರಿಸಲು ಇದ್ಯಾವುದೂ ಬೇಡ. ಬಿಟ್ ಹಿಂದೆ ಬಿಳಿ ಹಾಳೆ, ಬೆಳಕು ಹಾಳೆಗೆ ಮಾತ್ರ, ಕ್ಯಾಮರಾ ಬಿಟ್‌ಗೆ ಲಂಬವಾಗಿ. ನೆರಳು ಚಿತ್ರ ಬರುತ್ತದೆ. ಪ್ರಿಂಟ್ ಮೇಲೆ ಪ್ರೊಟ್ರ್ಯಾಕ್ಟರ್ ಇಟ್ಟರೆ ಒಂದು ಕಡೆ 59 (118ರ ಅರ್ಧ), ಇನ್ನೊಂದು ಕಡೆ 55 ಅಂತ ಹುಡುಗನೇ ಹೇಳುತ್ತಾನೆ. ಹಾಗಿದ್ದರೆ ಒಂದೇ ಅಂಚು ಕಡಿಯುತ್ತದೆ. ಕೋನ ಸರಿಯಿದ್ದು ಒಂದು ಅಂಚು ಉದ್ದವಾದರೆ ತೂತು ದೊಡ್ಡದಾಗುತ್ತದೆ, ಅದು ಎದುರಿನ ಫೋಟೋದಲ್ಲಿ ಕಾಣಬೇಕು. 135 ಡಿಗ್ರಿ ಬಿಟ್ ಫೋಟೋ ಇದರ ಜೊತೆ ಸೇರಿಸಬೇಡಿ. ಗೋಡೆ ಕೊರೆಯುವ ಬಿಟ್ಟೂ ಬೇಡ, ಅದರ ತುದಿ ಕಾರ್ಬೈಡ್, ಅದಕ್ಕೆ ಹಸಿರು ಸಾಣೆ ಕಲ್ಲು ಬೇಕು, ಯಾರಾದರೂ ಮಾಮೂಲಿ ಕಲ್ಲಿಗೆ ಹಿಡಿದು ಎರಡನ್ನೂ ಹಾಳು ಮಾಡುತ್ತಾರೆ.

ಬೀಟೆಮರ

ಅಂಚಿನ ವಿಷಯ ಒಪ್ಪಿದೆ ಸರ್. ಉಳಿಗೂ ಅದೇ, ನನಗೆ ಹೊಳೆದಿರಲಿಲ್ಲ. ಇನ್ನೊಂದು, ಫೋಟೋಗೆ ಮುಂಚೆ ಹಳೇ ಟೂತ್‌ಬ್ರಷ್‌ನಲ್ಲಿ ಥಿನ್ನರ್ ಹಾಕಿ ತೊಳೆದು ಒಣಗಿಸಿ. ಕಣ್ಣಿಗೆ ಕಾಣದ ದೂಳು 1:1ರಲ್ಲಿ ಹತ್ತಿ ಉಂಡೆ ಥರ ಬರುತ್ತದೆ. ಬಿಟ್‌ಗೆ ಮ್ಯಾಗ್ನೆಟ್ ಹಿಡಿದಿದ್ದರೆ ಕಬ್ಬಿಣದ ಪುಡಿ ಕಚ್ಚಿಕೊಂಡಿರುತ್ತದೆ, ಅದು ಊದಿದರೆ ಹೋಗುವುದಿಲ್ಲ. ನಾನು ಸೆಲ್ಲೋಟೇಪ್ ಒತ್ತಿ ಕೀಳುತ್ತೇನೆ.

ಕಬ್ಬಿನಗದ್ದೆ

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಲೇತ್ ಮೇಲೇ ಕ್ಯಾಮರಾ ಕಟ್ಟಿದೆವು. ಮಾವ ಮೊದಲು ನಕ್ಕರು, ಆಮೇಲೆ ಡಯಲ್ ತಿರುಗಿಸಲು ನನಗೆ ಬಿಡಲೇ ಇಲ್ಲ. ಎಂಟು ಫೋಟೋ, ಎರಡು ಸೆಕೆಂಡ್ ಟೈಮರ್. ಮೊದಲ ಸಲ ಪಕ್ಕದ ಶೆಡ್‌ನಲ್ಲಿ ಪವರ್ ಹ್ಯಾಕ್ಸಾ ಓಡುತ್ತಿತ್ತು, ಎಲ್ಲ ಅಲುಗಾಡಿತ್ತು. ಅವರು ಊಟಕ್ಕೆ ಹೋದ ಮೇಲೆ ಮತ್ತೆ ತೆಗೆದೆವು. ಸೇರಿಸಿದಾಗ ತುದಿಯಿಂದ ಅಂಚಿನವರೆಗೆ ಕಲ್ಲಿನ ಗೀರು ಒಂದೊಂದೂ ಎಣಿಸುವ ಹಾಗೆ ಬಂತು.

ಪ್ರಿಂಟ್ ಹಾಕಿಸಿ ತಂದು ತೋರಿಸಿದರೆ ಮಾವನ ಮುಖ ಕೆಂಪಾಯಿತು. "ಏನ್ಲಾ ಇದು, ಒಳ್ಳೆ ಬಿಟ್ಟ ಸುಟ್ಟಾಕ್ಬುಟ್ಟಿದ್ದೀಯಾ?" ಅಂದರು. ನೋಡಿದರೆ ಒಂದು ಬದಿ ಪೂರ್ತಿ ನೀಲಿ. ಬಿಟ್ ತಂದು ನೋಡಿದರೆ ಏನೂ ಇಲ್ಲ, ಬೆಳ್ಳಗಿದೆ. ಕೊಳವೆಗೆ ಬೆಳಕು ಬರಲಿ ಅಂತ ಬಾಗಿಲು ತೆಗೆದಿದ್ದೆ, ಎದುರಿಗೆ ಮಳೆಗೆ ಕಟ್ಟಿದ್ದ ನೀಲಿ ಟಾರ್ಪಾಲು. ಕನ್ನಡಿ ಅಂತ ಮೊದಲೇ ಹೇಳಿದ್ದಿರಿ. ಟಾರ್ಪಾಲು ಬಿಚ್ಚಿ, ಬಿಳಿ ಹಾಳೆ ನೋಡಿ ವೈಟ್ ಬ್ಯಾಲೆನ್ಸ್ ಇಟ್ಟು ಇನ್ನೊಮ್ಮೆ ತೆಗೆದೆ.

ಈಗ ಎಂ6 ಟ್ಯಾಪ್ (ತೂತಿನೊಳಗೆ ಬೋಲ್ಟ್ ಥ್ರೆಡ್ ಕೊರೆಯುವ ಉಪಕರಣ) ಹಲ್ಲು ಮುರಿದದ್ದೂ ತೆಗಿ ಅನ್ನುತ್ತಿದ್ದಾರೆ. ಅದಕ್ಕೆ ಟಾರ್ಚೋ, ಪೇಪರ್ರೋ?

ಹಳೇಟರ್ನರ್

ಎರಡೂ ಬೇಡ. ಅಡ್ಡ ಹಿಡಿದು ಹಿಂದಿನಿಂದ ಬೆಳಕು, ಕೋನಕ್ಕೆ ಹೇಳಿದ ಹಾಗೆ. ಹಲ್ಲಿಗೆ ಹಲ್ಲು 1 ಎಂಎಂ, ಉದುರಿದ ಜಾಗ ಬೋಳಾಗಿ ಕಾಣುತ್ತದೆ.

ಮತ್ತೆ, ಬಿಟ್ ನೀಲಿ ಆದ ಮಾತ್ರಕ್ಕೆ ಎಸೆಯಬೇಡಿ ಅಂತ ಹುಡುಗರಿಗೆ ಹೇಳಿ. ಉಕ್ಕು ಸುಮಾರು 300 ಡಿಗ್ರಿಗೇ ನೀಲಿ ಆಗುತ್ತದೆ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) 600ರ ಹತ್ತಿರದವರೆಗೂ ಗಟ್ಟಿ ಇರುತ್ತದೆ. ಕಾರ್ಬನ್ ಸ್ಟೀಲ್ ಬಿಟ್ ಆದರೆ ಮಾತ್ರ ಮೆತ್ತಗಾಗಿ ಹೋಗಿರುತ್ತದೆ. ನಿಮ್ಮ ಮಾವನಿಗೆ ಇದು ಗೊತ್ತಿರುತ್ತದೆ, ಬೈಯಲು ಒಂದು ನೆಪ ಬೇಕಿತ್ತು ಅಷ್ಟೇ.