ಅಪ್‌ಡೇಟ್: ಅರೇಬಿಕ್‌ನಲ್ಲಿ ‘ನನ್ನ’, ‘ನಿನ್ನ’ ಈಗ ಸರಿಹೋಯಿತು

‘ನನ್ನ ಪುಸ್ತಕ’ಕ್ಕೆ ‘ಅಲ್-ಕಿತಾಬೀ’ ಎಂದು ಬರೆದರೆ ಏಕೆ ತಪ್ಪು ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಕಾರಣ ಇಷ್ಟೇ: ಬಾಲಕ್ಕೆ ಪ್ರತ್ಯಯ ಅಂಟಿದ ಕೂಡಲೇ ಪದ ನಿಶ್ಚಿತವಾಗುತ್ತದೆ, ಹಾಗಾಗಿ ಅದರ ಮುಂದೆ ‘ಅಲ್’ (ಇಂಗ್ಲಿಷ್‌ನ ‘the’ ಥರದ್ದು) ಬರುವಂತಿಲ್ಲ. ಕೊನೆಯ ‘ಉನ್’ (‘ಕಿತಾಬುನ್’, ಅಂದರೆ ‘ಒಂದು ಪುಸ್ತಕ’ ಎಂಬಲ್ಲಿನ ಅನಿಶ್ಚಿತ ಗುರುತು) ಕೂಡ ಬಿದ್ದುಹೋಗುತ್ತದೆ.

ಕಿತಾಬೀ (ನನ್ನ), ಕಿತಾಬುಹು (ಅವನ), ಕಿತಾಬುಹಾ (ಅವಳ), ಕಿತಾಬುನಾ (ನಮ್ಮ). ‘ನಿನ್ನ’ ಮಾತ್ರ ಎರಡು: ಗಂಡಸಿಗೆ ಕಿತಾಬುಕ, ಹೆಂಗಸಿಗೆ ಕಿತಾಬುಕಿ. ಹಿಂದಿಯ ‘ಮೇರಾ–ಮೇರೀ’ ಥರ ವಸ್ತುವಿನ ಲಿಂಗ ನೋಡಬೇಡಿ. ಇಲ್ಲಿ ಲೆಕ್ಕಕ್ಕೆ ಬರುವುದು ಒಡೆಯನ ಲಿಂಗ. ನಮ್ಮ ‘ಅವನ–ಅವಳ’ ನೆನಪಿಟ್ಟುಕೊಂಡರೆ ಸಾಕು.

ನಾನು ಹೆಚ್ಚು ಎಡವಿದ್ದು ‘ಸಯ್ಯಾರಾ’ದಲ್ಲಿ (ಕಾರು). ಕೊನೆಯ ತಾ ಮರ್ಬೂತಾ (ಹೆಚ್ಚಾಗಿ ಸ್ತ್ರೀಲಿಂಗ ಪದಗಳ ತುದಿಯಲ್ಲಿ ಬರುವ ಅಕ್ಷರ), ಪ್ರತ್ಯಯ ಬಂದಾಗ ಬಿಚ್ಚಿಕೊಂಡು ಮಾಮೂಲಿ ‘ತ’ ಆಗುತ್ತದೆ: ಸಯ್ಯಾರತೀ, ಸಯ್ಯಾರತುಕ. ಬರೆಯುವಾಗಲೂ ಅಕ್ಷರ ಬದಲಿಸಲೇಬೇಕು.

ಇನ್ನೊಂದು, ‘ಇ’ ಸ್ವರದ ನಂತರ ‘ಹು’ ‘ಹಿ’ ಆಗುತ್ತದೆ: ಫೀ ಕಿತಾಬಿಹಿ, ಅವನ ಪುಸ್ತಕದಲ್ಲಿ. ‘ಕಿತಾಬೀ’ ಮಾತ್ರ ಯಾವ ವಿಭಕ್ತಿಯಲ್ಲೂ ಬದಲಾಗದು, ದೊಡ್ಡ ನೆಮ್ಮದಿ!

ವಿಶೇಷಣ ಸೇರಿಸುವಾಗ ಹುಷಾರು. ‘ಕಿತಾಬುಕ ಜದೀದ್’ ಎಂದರೆ ‘ನಿನ್ನ ಪುಸ್ತಕ ಹೊಸದು’, ಪೂರ್ಣ ವಾಕ್ಯ. ‘ನಿನ್ನ ಹೊಸ ಪುಸ್ತಕ’ ಎನ್ನಲು ವಿಶೇಷಣಕ್ಕೆ ‘ಅಲ್’ ಹಾಕಬೇಕು: ಕಿತಾಬುಕ-ಲ್-ಜದೀದ್.

‘ನನ್ನ ಬಳಿ ಕಾರಿದೆ’ ಎನ್ನಲೂ ಇದೇ ಪ್ರತ್ಯಯ: ಇಂದೀ ಸಯ್ಯಾರಾ (‘ಇಂದ’ ಅಂದರೆ ‘ಬಳಿ’, ಅದಕ್ಕೆ ‘ನನ್ನ’ ಎಂಬ ‘ಈ’ ಸೇರಿದೆ).