ಕಾರವಾರದ ಪಡುಗೋಡೆಯ ಮಲಗುವ ಕೋಣೆ: ಬೂಸ್ಟು ಹಿಡಿಯದ ಹಾಗೆ ಸಿಂಗರಿಸುವುದು ಹೇಗೆ?

ಕಡಲಕಿಟಕಿ (ಪ್ರಶ್ನೆ)

ಸದಾಶಿವಗಡದ ಬದಿಗೆ ಹಳೆಯ ಚಿರೇಕಲ್ಲಿನ (ಜಂಬಿಟ್ಟಿಗೆಯ) ಮನೆ. ಮಲಗುವ ಕೋಣೆ 10 ಅಡಿಗೆ 11 ಅಡಿ, ಎತ್ತರ 9 ಅಡಿ. ಮೇಲೆ ಮಂಗಳೂರು ಹೆಂಚು, ಕೆಳಗೆ ಸೀಲಿಂಗ್ ಇಲ್ಲ. ಒಳಗೋಡೆಗೆ ಸಿಮೆಂಟ್ ಗಿಲಾವು, ಅದರ ಮೇಲೆ ಪ್ಲಾಸ್ಟಿಕ್ ಇಮಲ್ಷನ್. ನೆಲ ರೆಡ್ ಆಕ್ಸೈಡ್. ಪಶ್ಚಿಮದ ಗೋಡೆ ಕಡಲ ಗಾಳಿಗೆ ಎದೆಕೊಟ್ಟು ನಿಂತಿದೆ. ಜೂನ್ ಕಳೆಯುವುದರೊಳಗೆ ಅಲ್ಲಿ ಬಣ್ಣ ಹಪ್ಪಳದ ಹಾಗೆ ಉಬ್ಬುತ್ತದೆ, ಕಪಾಟಿನ ಹಿಂದೆ ಕಪ್ಪು ಬೂಸ್ಟು.

ಕೋಣೆಗೆ ಬೇಕಿರುವುದು ಇಷ್ಟು: ಒಂದು ಗೋಡೆಗೆ ಮನಸ್ಸಿಗೊಪ್ಪುವ ಬಣ್ಣ, ಸುಮಾರು 150 ಪುಸ್ತಕಗಳ ಶೆಲ್ಫ್, ತಲೆಯ ಬದಿಗೆ ತೂಗಲು ಹಳಿಯಾಳದ ಸಿದ್ದಿ ಕೌದಿ (ಸಿದ್ದಿ ಸಮುದಾಯದವರು ಹಳೆ ಬಟ್ಟೆಯ ತುಂಡು ಜೋಡಿಸಿ ಹೊಲಿಯುವ ಹೊದಿಕೆ), ಎಲ್ಲಾದರೂ ಹಸೆ ಚಿತ್ತಾರ ಅಥವಾ ಕಾವಿ (ನಮ್ಮ ಕಡೆಯ ಕೆಂಪು ಬಿಳುಪಿನ ಗೋಡೆಚಿತ್ತಾರಗಳು), ಕೆಲವು ಫೋಟೊ. ಕೆಲಸ ಡಿಸೆಂಬರಿನಲ್ಲಿ. ಯಾವುದು ಮೊದಲು, ಯಾವುದು ಆಮೇಲೆ? ಯಾವುದನ್ನು ಈ ಹವೆಯಲ್ಲಿ ಆಸೆಪಡಲೇಬಾರದು?

ಸುಣ್ಣದಗೂಡು

ಬಣ್ಣದ ಅಂಗಡಿಗೆ ಹೋಗೋ ಮೊದಲು ನೀರು ಎಲ್ಲಿಂದ ಬರ್ತಿದೆ ನೋಡಿ. ನೆಲದಿಂದ ಮೂರಡಿವರೆಗೆ ಮಾತ್ರ ಕಲೆ ಇದ್ದು, ಅದರ ಅಂಚಲ್ಲಿ ಬಿಳಿ ಉಪ್ಪಿನ ಹೂ ಕಂಡರೆ ನೀರು ಅಡಿಪಾಯದಿಂದ ಏರ್ತಿದೆ. ಗೋಡೆ ನಡುವೆ ಅಲ್ಲಲ್ಲಿ ಇದ್ದು, ಗಾಳಿಮಳೆ ಹೊಡೆದ ಮಾರನೇ ದಿನ ದೊಡ್ಡದಾದರೆ ಹೊರಗಿನಿಂದ ಇಳಿತಿದೆ. ಮೇಲಿಂದ ನಾಲಿಗೆ ಚಾಚಿದ ಹಾಗೆ ಕಲೆ ಇದ್ದರೆ ಹೆಂಚು ಸರಿದಿದೆ, ಅದು ಅರ್ಧ ದಿನದ ಕೆಲಸ. ಅನುಮಾನ ಇದ್ದರೆ ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಬದಿ ಟೇಪ್ ಹಾಕಿ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಹಿಂಬದಿ ಹನಿ ಕಟ್ಟಿದರೆ ತೇವ ಗೋಡೆಯೊಳಗಿದೆ. ಮುಂಬದಿ ಕಟ್ಟಿದರೆ ಕೋಣೆಯ ಗಾಳಿಯದೇ ತೇವ. ಈ ಪರೀಕ್ಷೆ ಮಳೆಗಾಲದಲ್ಲೇ ಮಾಡಬೇಕು, ಡಿಸೆಂಬರಲ್ಲಿ ಎಲ್ಲ ಗೋಡೆಯೂ ಸಾಚಾ ಮುಖ ತೋರಿಸುತ್ತೆ.

ನಮ್ಮ ಕರಾವಳಿಯಲ್ಲಿ ನಾಲ್ಕನೇದೂ ಒಂದಿದೆ. ಗಿಲಾವಿಗೆ ತೊಳೆಯದ ಉಪ್ಪು ಮರಳು ಬಳಸಿದ್ದರೆ ಎಲ್ಲೂ ಸೋರದೇನೇ ಗೋಡೆ ಒದ್ದೆಯಾಗುತ್ತೆ. ಗಾಳಿಯ ತೇವ 75 ಪ್ರತಿಶತ ದಾಟಿದ ಕೂಡಲೇ ಅಡುಗೆ ಉಪ್ಪು ನೀರನ್ನು ಎಳೆದುಕೊಳ್ಳುತ್ತೆ, ಡಬ್ಬಿಯೊಳಗಿನ ಉಪ್ಪು ಜುಲೈನಲ್ಲಿ ನೀರಾಗೋದು ಇದೇ ಕಾರಣಕ್ಕೆ. ಅಂಥ ಗಿಲಾವನ್ನು ಕೆತ್ತಿ ತೆಗೆಯೋದೊಂದೇ ದಾರಿ. ವಾಟರ್‌ಪ್ರೂಫ್ ಬಣ್ಣ ಬಳಿದರೆ ಎರಡು ವರ್ಷದಲ್ಲಿ ಗಿಲಾವಿನ ಸಮೇತ ಬೀಳುತ್ತೆ.

ಈಗಿನ ಬಣ್ಣ ಉಬ್ಬೋದು ಯಾಕೆ? ಚಿರೇಕಲ್ಲು ತೂತುತೂತಿನ ಕಲ್ಲು, ನೀರು ಕುಡಿಯುತ್ತೆ, ಬಿಸಿಲು ಬಂದಾಗ ಬಿಡುತ್ತೆ. ಇಮಲ್ಷನ್ ಅಂದರೆ ಪ್ಲಾಸ್ಟಿಕ್ ಪದರ. ಒಳಗಿಂದ ಬರೋ ಆವಿಗೆ ದಾರಿ ಇಲ್ಲದೆ ಅದು ಪದರವನ್ನೇ ನೂಕುತ್ತೆ. ಆದ್ದರಿಂದ ಕನಿಷ್ಠ ಆ ಪಡುಗೋಡೆಯ ಸಿಮೆಂಟ್ ಗಿಲಾವನ್ನಾದರೂ ತೆಗೆದು, ಒಂದು ಪಾಲು ಸುಣ್ಣ, ಮೂರು ಪಾಲು ತೊಳೆದ ಹೊಳೆ ಮರಳಿನ ಗಾರೆ ಹಾಕಿಸಿ. ಉಳಿದ ಮೂರು ಗೋಡೆಗೆ ಬಣ್ಣ ಕೆರೆದರೆ ಸಾಕು. ಕೆರೆಯದೆ ಇಮಲ್ಷನ್ ಮೇಲೇ ಸುಣ್ಣ ಹೊಡೆದರೆ ಹಿಡಿಯೋದಿಲ್ಲ, ಬೆನ್ನು ಒರಗಿಸಿದ ಅಂಗಿಗೆಲ್ಲ ಬಿಳಿ.

ಸುಣ್ಣದ ಅಳತೆ: ಒಂದು ಕಿಲೋ ಸುಟ್ಟ ಸುಣ್ಣಕ್ಕೆ ಸುಮಾರು 5 ಲೀಟರ್ ನೀರು. ಕುದಿದು ತಣ್ಣಗಾದ ಮೇಲೆ 24 ಗಂಟೆ ಬಿಟ್ಟು, ದಪ್ಪ ಬಟ್ಟೆಯಲ್ಲಿ ಸೋಸಿ. ಸೋಸಿದ 10 ಲೀಟರಿಗೆ 40 ಗ್ರಾಂ ಗೋಂದನ್ನು ಬಿಸಿನೀರಲ್ಲಿ ಕರಗಿಸಿ ಹಾಕಿ. ಹಾಲಿನಷ್ಟು ತೆಳು ಇರಲಿ. ಗೋಡೆಗೆ ಮೊದಲು ನೀರು ಚಿಮುಕಿಸಿ, ಒಂದು ಕೈ ಒಣಗಿದ ಮೇಲೆ ಇನ್ನೊಂದು, ಒಟ್ಟು ಮೂರು ಕೈ. ಕೆಲಸ ಬೇಗ ಮುಗೀಲಿ ಅಂತ ಒಂದೇ ದಪ್ಪ ಕೈ ಹೊಡೆಸಿದರೆ ಬಿರುಕು ಬಿಟ್ಟು ಪುಡಿ ಉದುರುತ್ತೆ, ಇದು ಎಲ್ಲರೂ ಮಾಡೋ ತಪ್ಪು. ಅಘನಾಶಿನಿ ಕಡೆಯ ಚಿಪ್ಪಿನ ಸುಣ್ಣ ಸಿಕ್ಕರೆ ಬಿಳುಪು ಇನ್ನೂ ಚೆಂದ. ಸುಣ್ಣ ಕಣ್ಣಿಗೆ ಬಿದ್ದರೆ ಸುಡುತ್ತೆ, ಕನ್ನಡಕ ಮತ್ತು ಕೈಗವಸು ಇಲ್ಲದೆ ಬಕೆಟ್ ಹತ್ತಿರ ಹೋಗಬೇಡಿ.

ನಿಮ್ಮ ಬಣ್ಣದ ಗೋಡೆಗೆ ಸುಣ್ಣದ ಕ್ಷಾರ ತಡೆಯೋ ಪುಡಿಗಳೇ ಆಗಬೇಕು: ಕೆಂಪು ಆಕ್ಸೈಡ್, ಹಳದಿ ಆಕ್ಸೈಡ್, ಬಟ್ಟೆಗೆ ಹಾಕೋ ಅಲ್ಟ್ರಾಮರೀನ್ ನೀಲಿ. ಸುಣ್ಣದ ತೂಕದ 5 ಪ್ರತಿಶತದ ಒಳಗೇ ಇರಲಿ, ಹೆಚ್ಚಾದರೆ ಕೈಗೆ ಹತ್ತುತ್ತೆ. ಒದ್ದೆ ಇರುವಾಗ ಕಾಣೋ ಬಣ್ಣ ನಂಬಬೇಡಿ, ಒಣಗಿದ ಮೇಲೆ ತುಂಬಾ ತಿಳಿಯಾಗುತ್ತೆ. ಮೂಲೆಯಲ್ಲಿ ಒಂದಡಿ ಚೌಕ ಹೊಡೆದು ಎರಡು ದಿನ ನೋಡಿ. ಕಡುಹಸಿರು, ಕಡುನೇರಳೆ ಬೇಕು ಅಂದರೆ ಸುಣ್ಣದಲ್ಲಿ ಆಗೋದಿಲ್ಲ. ಆ ಆಸೆಯನ್ನು ಪರದೆ, ಹೊದಿಕೆಯಲ್ಲಿ ತೀರಿಸಿಕೊಳ್ಳಿ.

ಇನ್ನು ಹೊರಗಡೆ. ಮೇ ಕೊನೆಯೊಳಗೆ ಪಡುಗೋಡೆಗೆ ಒಂದಡಿ ಬಿಟ್ಟು ಸೋಗೆ ಅಥವಾ ತೆಂಗಿನ ಮಡಲಿನ ತಟ್ಟಿ ಕಟ್ಟಿ. ಗೋಡೆಗೆ ತಾಗಿಸಿ ಕಟ್ಟಿದರೆ ತಟ್ಟಿಯೇ ನೀರು ಹಿಡಿದು ಗೋಡೆಗೆ ಕುಡಿಸುತ್ತೆ.

ಮತ್ತಿಮರ

ಗೋಡೆಯ ಮಾತು ಮೇಲೆ ಬಂದಾಯಿತು. ನನ್ನದು ಮರದ ಮಾತು ಮಾತ್ರ.

ಪಾರ್ಟಿಕಲ್ ಬೋರ್ಡ್, ಎಂಡಿಎಫ್ (ಮರದ ಪುಡಿ, ನಾರು ಒತ್ತಿ ಮಾಡಿದ ಹಲಗೆಗಳು) ಎರಡನ್ನೂ ಕರಾವಳಿಯ ಕೋಣೆಗೆ ತರಬೇಡಿ. ಕಾಲಬದಿಯ ಅಂಚಿನಿಂದ ನೀರು ಎಳೆದು ರೊಟ್ಟಿಯ ಹಾಗೆ ಉಬ್ಬುತ್ತದೆ, ಆಮೇಲೆ ಸ್ಕ್ರೂ ನಿಲ್ಲುವುದಿಲ್ಲ. ಪ್ಲೈವುಡ್ಡೇ ಬೇಕಾದರೆ ಐಎಸ್ 710 (ನೀರು ತಡೆಯುವ ಮರೈನ್ ದರ್ಜೆ) ಎಂದು ಮುದ್ರೆ ಇರುವುದು. ಐಎಸ್ 303ರ ಎಂಆರ್ (ಬರೀ ಗಾಳಿಯ ತೇವ ತಡೆಯುವ) ದರ್ಜೆಯನ್ನು ಅಂಗಡಿಯವರು ‘ಇದೂ ನೀರಿಗೆ ಆಗ್ತದೆ’ ಎನ್ನುತ್ತಾರೆ, ಆಗುವುದಿಲ್ಲ. ಹಲಸು, ಸಾಗವಾನಿಯ ಹಳೆ ಮಂಚ ಸಿಕ್ಕರೆ ಬಿಡಬೇಡಿ. ನಾಲ್ಕು ಕಂಬದ್ದಾದರೆ ಸೊಳ್ಳೆಪರದೆಯೂ ಚೆಂದ ಕೂರುತ್ತದೆ, ಕೋಣೆಗೆ ಒಂದು ಮುಖವೂ ಬರುತ್ತದೆ.

ಮಂಚದ ತಲೆಯನ್ನು ಪಡುಗೋಡೆಗೆ ಕೊಡದೆ ಒಳಗೋಡೆಗೆ ಕೊಡಿ, ನಾಲ್ಕು ಇಂಚು ಬಿಟ್ಟು. ಗಾದಿಯ ಕೆಳಗೆ ಇಡೀ ಹಲಗೆ ಬೇಡ. ಮೂರು ಇಂಚಿನ ಪಟ್ಟಿ, ಎರಡು ಇಂಚಿನ ಸಂದು. ಮಲಗಿದವರ ಮೈ ಬೆವರು ಗಾದಿಯ ತಳಕ್ಕೆ ಇಳಿದು, ಹಲಗೆಗೆ ಬಡಿದು ಅಲ್ಲೇ ನಿಲ್ಲುತ್ತದೆ. ಬೂಸ್ಟು ಮೊದಲು ಏಳುವುದು ಕಣ್ಣಿಗೆ ಬೀಳದ ಆ ಅಡಿಮೈಯಲ್ಲಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಗಾದಿ ಎತ್ತಿ ಗೋಡೆಗೆ ಒರಗಿಸಿ ಎರಡು ತಾಸು ಫ್ಯಾನ್ ಹಾಕಿ. ಮಂಚದಡಿ ಸೂಟ್‌ಕೇಸು ತುರುಕುವ ಅಭ್ಯಾಸ ಇದ್ದರೆ ಮೇಲೆ ಹೇಳಿದ್ದೆಲ್ಲ ದಂಡ.

150 ಪುಸ್ತಕ ಎಂದರೆ 60 ಕಿಲೋದ ಆಸುಪಾಸು. ಒಂದು ಇಂಚು ದಪ್ಪದ ಹಲಗೆಯಾದರೆ ಎರಡೂವರೆ ಅಡಿಗೊಂದು ಆಧಾರ ಬೇಕು, ಇಲ್ಲದಿದ್ದರೆ ವರ್ಷದಲ್ಲಿ ಹೊಟ್ಟೆ ಬಿಡುತ್ತದೆ. ಹಿಂದೆ ಹಲಗೆ ಬೇಡ. ಗೋಡೆಯಿಂದ ಮೂರು ಇಂಚು ದೂರ, ಕೆಳಗಿನ ಅಂತಸ್ತು ನೆಲದಿಂದ ಒಂದಡಿ ಮೇಲೆ. ರೆಡ್ ಆಕ್ಸೈಡ್ ನೆಲ ಮೊದಲ ಮಳೆಗೆ ಬೆವರುತ್ತದಲ್ಲ, ಅದಕ್ಕೆ. ಸಾಲು ಬಿಗಿಯಾಗಿ ತುಂಬಬೇಡಿ. ಬೇವಿನ ಎಲೆ, ನ್ಯಾಫ್ತಲಿನ್ ಗುಳಿಗೆ ಹುಳುವಿಗೆ ಸರಿ, ತೇವಕ್ಕೆ ಏನೂ ಮಾಡುವುದಿಲ್ಲ.

ಚಿರೇಕಲ್ಲಿಗೆ ಮೊಳೆ ಹೊಡೆಯುವವರಿಗೆ: ಕಲ್ಲುಗಳ ನಡುವಿನ ಸಂದಿಗೆ ತೂತು ಕೊರೆಯಬೇಡಿ, ಕಲ್ಲಿನ ಮೈಗೇ ಕೊರೆಯಿರಿ. 6 ಮಿ.ಮೀ. ಪ್ಲಗ್ ಸಡಿಲಾಗುತ್ತದೆ, 10 ಮಿ.ಮೀ. ಹಾಕಿ, ಸ್ಕ್ರೂ ಮೂರು ಇಂಚಿನದು. ಕಡಲ ಹತ್ತಿರ ಸಾದಾ ಕಬ್ಬಿಣ ಒಂದೇ ಮಳೆಗಾಲಕ್ಕೆ ತುಕ್ಕು ಇಳಿಸಿ ಗೋಡೆಯ ಮೇಲೆ ಗೆರೆ ಎಳೆಯುತ್ತದೆ. ಹಿತ್ತಾಳೆ ಅಥವಾ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಆಗಲಿ.

ಕಡಲಕಿಟಕಿ

ಇಬ್ಬರಿಗೂ ಧನ್ಯವಾದ. ಗಾಳಿಯಿಂದ ದಿನಕ್ಕೆ 12 ಲೀಟರ್ ನೀರು ಎಳೆಯುವ ಡಿಹ್ಯೂಮಿಡಿಫೈಯರ್ ಯಂತ್ರ ಇಟ್ಟರೆ ಇಷ್ಟೆಲ್ಲ ತಾಪತ್ರಯ ತಪ್ಪುವುದಿಲ್ಲವೇ?

ಶಿರಸಿಪೇಟೆ

ನಿಮ್ಮ ಕೋಣೆಗೆ ಅದು ದಂಡದ ಖರ್ಚು ಮಾರಾಯ್ರೆ. ಸೀಲಿಂಗ್ ಇಲ್ಲದ ಹೆಂಚಿನ ಮಾಡಿನ ಸಂದಿನಿಂದ ಹೊರಗಿನ ಗಾಳಿ ಬರ್ತಾನೇ ಇರ್ತದೆ. ಯಂತ್ರ ಇಡೀ ಅರಬ್ಬಿ ಸಮುದ್ರ ಒಣಗಿಸೋಕೆ ಹೊರಟ ಹಾಗೆ. ಮರದ ಸೀಲಿಂಗ್ ಹಾಕಿ, ಕಿಟಕಿ ಸಂದಿಗೆ ರಬ್ಬರ್ ಪಟ್ಟಿ ಕೊಟ್ಟು, ಬಾಗಿಲು ಮುಚ್ಚಿ ಓಡಿಸೋದಾದರೆ ಮಾತ್ರ ಕೆಲಸಕ್ಕೆ ಬಂತು. ಶಿರಸಿಯಲ್ಲಿ ಉಪ್ಪುಗಾಳಿ ಇಲ್ಲ, ಆದರೆ ಮಳೆಗಾಲದ ತೇವದ ಲೆಕ್ಕ ಘಟ್ಟದ ಮೇಲೂ ಕೆಳಗೂ ಒಂದೇ.

ಕೋಣೆ ಪೂರ್ತಿ ಒಣಗಿಸೋ ಬದಲು ಕಪಾಟೊಂದನ್ನೇ ಒಣಗಿಸಿ. ಹೊರಗೆ 26 ಡಿಗ್ರಿ, ತೇವ 90 ಪ್ರತಿಶತ ಅನ್ಕೊಳ್ಳಿ. ಅದೇ ಗಾಳಿಯನ್ನು 30 ಡಿಗ್ರಿಗೆ ಬಿಸಿ ಮಾಡಿದರೆ ತೇವ 71ಕ್ಕೆ ಇಳೀತದೆ, ನೀರು ಒಂದು ಹನಿ ತೆಗೆಯದೇನೇ. ಬೂಸ್ಟಿಗೆ ಅಷ್ಟು ತೇವ ಸಾಲದು. ಅದಕ್ಕೇ ಹಳೆ ಮನೆಗಳ ಬಟ್ಟೆ ಕಪಾಟಿನೊಳಗೆ ಸಣ್ಣ ಬಲ್ಬು ಉರೀತಿದ್ದದ್ದು. 15 ವ್ಯಾಟಿನ ತಂತಿ ಬಲ್ಬು ಸಾಕು, ಎಲ್‌ಇಡಿಗೆ ಶಾಖ ಇಲ್ಲ, ಅದು ಬೇಡ. ಪಿಂಗಾಣಿ ಹೋಲ್ಡರ್, ಸುತ್ತ ಜಾಲರಿ, ಬಟ್ಟೆ ಪುಸ್ತಕ ಏನಿದ್ದರೂ ಒಂದಡಿ ದೂರ. ಜಾಲರಿ ಇಲ್ಲದೆ ಹಾಕೋದಾದರೆ ಹಾಕಲೇಬೇಡಿ, ಸೀರೆ ಜಾರಿ ಮೇಲೆ ಬಿದ್ದರೆ ಬೆಂಕಿ.

ಕ್ಯಾಮೆರಾ, ಹಳೆ ಫೋಟೊಗೆ ಗಾಳಿಯಾಡದ ಡಬ್ಬಿ ಮತ್ತು ಸಿಲಿಕಾ ಜೆಲ್. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಇರ್ತದೆ, ಕಿತ್ತಳೆ ಬಣ್ಣದ್ದು ತಗೊಳ್ಳಿ. ಬಣ್ಣ ಬದಲಾದಾಗ ಓವನ್ನಿನಲ್ಲಿ 120 ಡಿಗ್ರಿಗೆ ಎರಡು ತಾಸು ಇಟ್ಟರೆ ಮತ್ತೆ ಹೊಸದು.

ಮತ್ತೊಂದು ವಿಷಯ, ಮಳೆಗಾಲದಲ್ಲಿ ‘ಗಾಳಿ ಆಡಲಿ’ ಅಂತ ದಿನವಿಡೀ ಪಶ್ಚಿಮದ ಕಿಟಕಿ ತೆಗೆದಿಡೋದು ಬೇಡ. ಹೊಳವಾದ ಮಧ್ಯಾಹ್ನ ಎರಡು ತಾಸು ಸಾಕು. ಉಳಿದ ಹೊತ್ತು ಫ್ಯಾನ್ ತಿರುಗಲಿ. ಅದು ತೇವ ಇಳಿಸೋದಿಲ್ಲ, ಮೂಲೆಯಲ್ಲಿ ಗಾಳಿ ನಿಲ್ಲದ ಹಾಗೆ ನೋಡ್ಕೊಳ್ತದೆ ಅಷ್ಟೇ.

ಪುಂಡಿನಾರು

ಚಿತ್ತಾರದ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಹಸೆ, ಕಾವಿ ಎರಡೂ ಕೆಂಪು ಬಿಳುಪು ಎಂದು ಒಂದೇ ಉಸಿರಿನಲ್ಲಿ ಹೇಳುವವರು ಬಹಳ. ಆದರೆ ಒಂದು ಗೋಡೆಯ ಮೇಲಿನದು, ಇನ್ನೊಂದು ಗೋಡೆಯೊಳಗಿನದು.

ಕಾವಿ ಎಂದರೆ ಗಾರೆಯ ಕೆಲಸ. ಸುಣ್ಣದ ಬಿಳಿ ಗಾರೆಯ ಮೇಲೆ, ಅದು ಹಸಿ ಇರುವಾಗಲೇ, ಕೆಮ್ಮಣ್ಣಿನ ತೆಳು ಪದರ ಕೊಟ್ಟು ನಯ ಮಾಡುತ್ತಾರೆ. ಆಮೇಲೆ ಕೈವಾರ ಮತ್ತು ಚೂಪು ಉಕ್ಕಿನ ಕಡ್ಡಿಯಿಂದ ಕೆಂಪನ್ನು ಕೆರೆದು ಅಡಿಯ ಬಿಳುಪನ್ನು ಹೊರಡಿಸುತ್ತಾರೆ. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಗಳನ್ನು ಹತ್ತಿರದಿಂದ ನೋಡಿ, ಗೆರೆ ಬಣ್ಣಕ್ಕಿಂತ ತಗ್ಗಿನಲ್ಲಿ ಇರುವುದು ಗೊತ್ತಾಗುತ್ತದೆ. ಸುಣ್ಣದ ಜತೆಗೇ ಗಟ್ಟಿಯಾಗುವುದರಿಂದ ತೇವಕ್ಕೆ ಇದು ತಡೆಯುತ್ತದೆ. ಸಿಮೆಂಟ್ ಗೋಡೆಗೆ ಕೆಂಪು ಪೇಂಟಿನಲ್ಲಿ ಬಳ್ಳಿ ಬರೆಸಿ ಕಾವಿ ಎನ್ನುವುದು ಈಗಿನ ಹೊಸ ಚಾಳಿ. ಅದು ಬರೀ ಪೇಂಟು. ನೀವು ಹೇಗೂ ಪಡುಗೋಡೆಗೆ ಸುಣ್ಣದ ಗಾರೆ ಹಾಕಿಸುವವರಿದ್ದರೆ ಕಿಟಕಿಯ ಸುತ್ತ ಒಂದಡಿ ಅಗಲದ ಪಟ್ಟಿಗೆ ಮಾತ್ರ ಕಾವಿ ಮಾಡಿಸಿ. ಇಡೀ ಗೋಡೆಗೆ ಕೈ ಹಾಕಬೇಡಿ: ಗಾರೆ ಒಣಗುವ ಮೊದಲು ಕೆರೆದು ಮುಗಿಯಬೇಕು, ಅರ್ಧದಲ್ಲಿ ಗಟ್ಟಿಯಾದರೆ ಗೆರೆಯ ಅಂಚು ಚಕ್ಕೆ ಏಳುತ್ತದೆ. ಅಡಿಯ ಗೋಡೆ ಉಪ್ಪು ಉಗುಳುತ್ತಿದ್ದರೆ ಕಾವಿಯೂ ಉಳಿಯುವುದಿಲ್ಲ.

ಹಸೆ ಸಿದ್ದಾಪುರ, ಸಾಗರ, ಸೊರಬದ ದೀವರ ಸಮುದಾಯದ ಮನೆಗಳದು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳುಪು, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಅಕ್ಕಿಯನ್ನು ರಾತ್ರಿ ನೆನೆಸಿ ಬೆಣ್ಣೆಯ ಹಾಗೆ ರುಬ್ಬಿ, ಗೆರೆ ಎಳೆದಾಗ ಹರಿಯದ ಹದಕ್ಕೆ ನೀರು ಸೇರಿಸಿ. ತರಿ ಉಳಿದರೆ ಗೆರೆ ತುಂಡಾಗುತ್ತದೆ. ಒದ್ದೆಯಲ್ಲಿ ಬಿಳುಪು ಮಸುಕಾಗಿ ಕಾಣುತ್ತದೆ, ಒಣಗಿದ ಮೇಲೆ ಎದ್ದು ಬರುತ್ತದೆ, ಅವಸರಪಟ್ಟು ಎರಡನೇ ಸಲ ತಿದ್ದಬೇಡಿ. ಆದರೆ ಅಕ್ಕಿ ಹಿಟ್ಟು ಬೂಸ್ಟಿಗೂ ಜಿರಲೆಗೂ ಊಟ. ಕಾರವಾರದ ಗೋಡೆಯ ಮೇಲೆ ಅದು ಸೆಪ್ಟೆಂಬರ್ ಕಾಣುವುದು ಅನುಮಾನ. ಎರಡಡಿ ಚೌಕದ ಹಲಗೆಗೆ ಹತ್ತಿ ಬಟ್ಟೆ ಬಿಗಿದು, ಕೆಮ್ಮಣ್ಣು ಬಳಿದು ಅದರ ಮೇಲೆ ಬರೆಯಿರಿ. ಮೇ ತಿಂಗಳಲ್ಲಿ ಇಳಿಸಿ ಒಲೆಯ ಕೋಣೆಯ ಅಟ್ಟಕ್ಕೆ. ಮದುವೆಗೆ, ಹಬ್ಬಕ್ಕೆ ಹೊಸದಾಗಿ ಬರೆಯುವುದೇ ಅದರ ವಾಡಿಕೆ, ಶಾಶ್ವತವಾಗಲಿ ಎಂದು ವಾರ್ನಿಷ್ ಹೊಡೆದರೆ ಬಿಳುಪು ಸತ್ತುಹೋಗುತ್ತದೆ.

ಸಿದ್ದಿ ಕೌದಿಯ ಮೂಲೆಗಳಲ್ಲಿ ಮಡಿಚಿದ ಬಟ್ಟೆಯ ಸಣ್ಣ ‘ಫುಲ’ ಇರುತ್ತವೆ. ಅಲ್ಲಿಗೆ ಮೊಳೆ ಚುಚ್ಚಿ ತೂಗಬೇಡಿ. ಬೆನ್ನ ಬದಿಗೆ ನಾಲ್ಕು ಇಂಚಿನ ಬಟ್ಟೆಯ ಕೊಳವೆ ಹೊಲಿದು, ಬಿದಿರು ತೂರಿಸಿ, ಗೋಡೆಯಿಂದ ಒಂದು ಇಂಚು ಈಚೆಗೆ ನಿಲ್ಲಿಸಿ. ಒಗೆಯುವ ಮೊದಲು ಕೆಂಪು ತುಂಡುಗಳನ್ನು ಒದ್ದೆ ಬಿಳಿ ಬಟ್ಟೆಯಿಂದ ಒತ್ತಿ ನೋಡಿ: ಹಳೆ ಸೀರೆಗಳ ಬಣ್ಣ ಒಂದೊಂದು ಒಂದೊಂದು ಥರ.

ಫೋಟೊಗಳಿಗೆ ಒಂದೇ ಮಾತು. ಗಾಜಿಗೆ ನೇರ ತಾಗಿದ ಫೋಟೊ ಅಂಟಿಕೊಂಡು ಮತ್ತೆ ಬಿಡುವುದಿಲ್ಲ, ನಡುವೆ ದಪ್ಪ ಕಾಗದದ ಚೌಕಟ್ಟು ಇರಲಿ. ಫ್ರೇಮು ಗೋಡೆಗೆ ತಾಗದ ಹಾಗೆ ಹಿಂದೆ ನಾಲ್ಕು ಮೂಲೆಗೂ ಬೆಂಡಿನ ಚೂರು ಅಂಟಿಸಿ. ಮೈದಾ ಅಂಟಿನ ಪೋಸ್ಟರ್ ಮಾತ್ರ ಬೇಡ.

ಕಡಲಕಿಟಕಿ

ಕಾವಿ ಪಟ್ಟಿ ಕಿಟಕಿಯ ಸುತ್ತ, ಹಸೆ ಹಲಗೆಯ ಮೇಲೆ. ನಿಶ್ಚಯವಾಯಿತು. ಓದುವ ದೀಪ ಎಂಥದು ಹಾಕಿಸಲಿ? ಕಾವಿಯ ಕೆಂಪೂ ಕಾಣಬೇಕು.

ಮತ್ತಿಮರ

2700 ಕೆಲ್ವಿನ್‌ನ ಹಳದಿ ಬೆಳಕು. ಬಿಳಿ ಟ್ಯೂಬ್‌ಲೈಟಿನಲ್ಲಿ ಕೆಮ್ಮಣ್ಣು ಕಂದಾಗಿ ಕಾಣುತ್ತದೆ. ತಲೆಯ ಬದಿಗೆ ದಿಂಬಿನಿಂದ ಎರಡಡಿ ಮೇಲೆ, ಬೆಳಕು ಪುಟದ ಮೇಲೆ ಬೀಳುವ ಹಾಗೆ. ಇನ್ನೊಂದು ದೀಪ ಕಿಟಕಿಯ ಪಕ್ಕದಿಂದ ಗೋಡೆಯನ್ನು ಸವರಿಕೊಂಡು ಹೋಗಲಿ, ಕೆರೆದ ಗೆರೆಗಳ ತಗ್ಗು ಆಗ ಕಾಣುತ್ತದೆ. ವಯರಿಂಗ್ ಪೈಪನ್ನು ಗಾರೆ ಹಾಕುವ ಮೊದಲೇ ಕೂರಿಸಿ. ಕಾವಿ ಮುಗಿದ ಮೇಲೆ ಇಲೆಕ್ಟ್ರಿಶಿಯನ್ ಕಟರ್ ಹಿಡಿದು ಬರುವ ಹಾಗೆ ಮಾಡಬೇಡಿ.